ಊರಿಲ್ಲದ ಕುದುರೆ ಸವಾರ

ಅಮೆರಿಕದ ಹಳೇ ಪಶ್ಚಿಮದ ಒಂದು ಧೂಳಿನೂರು. ಹೆಂಡದಂಗಡಿಯ ಬಾಗಿಲು ತಳ್ಳಿಕೊಂಡು ಅಪರಿಚಿತ ಕುದುರೆ ಸವಾರ ಒಳಬರುತ್ತಾನೆ. ಎಲ್ಲರೂ ಮೌನ. ಅವನು ಯಾರೆಂಬುದು ಕೊನೆಯ ದೃಶ್ಯದವರೆಗೂ ಗುಟ್ಟು. ನಾನು ಬರೆದ ನಾಟಕ ಇಷ್ಟೇ. ಸವಾರ ನಾನೇ, ಕಾಲಿಗೆ ಗದ್ದೆಯ ಗಂಬೂಟು, ಕುದುರೆ ಪರದೆಯ ಹಿಂದೆ. ಅದರ ಕೆನೆತವೂ ನನ್ನದೇ.

ಬರೆದದ್ದು ಒಬ್ಬ ಮೇಷ್ಟ್ರಿಗಾಗಿ. ಊರೂರು ತಿರುಗುವ ನಾಟಕ ತಂಡ ಅವರದು. ನಾನು ಬಸ್ ಕಂಡಕ್ಟರನನ್ನು, ಹರಾಜು ಕೂಗುವವನನ್ನು, ಕೊನೆಗೆ ಅವರನ್ನೇ ಅಣಕಿಸಿದ್ದು ನೋಡಿ, "ಎಲ್ರ ದನೀನೂ ಐತೆ ನಿನ್ನತ್ರ. ಯಾರ ದನೀನೂ ಇಲ್ದೆ ಒಂದ್ಸಲ ಸುಮ್ನೆ ನಿಂತು ತೋರ್ಸು, ಸೇರಿಸ್ಕಂತೀನಿ" ಎಂದಿದ್ದರು. ಜಗಳೂರಿನ ಪ್ರದರ್ಶನಕ್ಕೆ ಬರುವುದಾಗಿಯೂ ಹೇಳಿದ್ದರು.

ಹೆಂಡದಂಗಡಿಯವನ ಪಾತ್ರ ಸೋದರಮಾವನದು. ಚನ್ನಗಿರಿಯಲ್ಲಿ ಖಾನಾವಳಿ ನಡೆಸುವವರಿಗೆ ಗಲ್ಲಾದ ಹಿಂದೆ ನಿಲ್ಲುವುದನ್ನು ಕಲಿಸಬೇಕಿಲ್ಲ ಎಂದುಕೊಂಡಿದ್ದೆ.

ನ್ಯಾಮತಿಯ ಮೊದಲ ಪ್ರದರ್ಶನದಲ್ಲಿ ನಾನು ಬಾಗಿಲು ತಳ್ಳಿದ್ದೇ ತಡ, ಮಾವ "ಬರ್ರಿ ಬರ್ರಿ, ಯಾವೂರಾತು ನಿಮ್ದು?" ಎಂದುಬಿಟ್ಟರು.

ಹುಬ್ಬು ಗಂಟಿಕ್ಕಿ ಸುಮ್ಮನೆ ನಿಂತೆ. ಮುಂದಿನ ಸಾಲಿನ ಅಜ್ಜಿಗೆ ತಡೆಯಲಿಲ್ಲ: "ಯಾಕಪ್ಪಾ ಹೇಳ್ತಿಲ್ಲ? ಮನ್ಯಾಗೆ ಜಗಳ ಮಾಡ್ಕಂಡು ಬಂದೀಯೇನು?"

ಆಮೇಲೆ ಮಾವನ ಮೇಲೆ ಹರಿಹಾಯ್ದೆ. "ಅವನು ಯಾರಂತ ಗೊತ್ತಾಗಬಾರ್ದು ಮಾವ!"

"ಅಲ್ಲಲೇ, ಬಾಗಿಲಿಗೆ ಬಂದ ದನಾನೂ ಯಾರ ಮನೇದು ಅಂತ ಕೇಳ್ತೀವಿ. ಮನ್ಷನ್ನ ಕೇಳ್ದೇ ಹೆಂಗಿರಾಕೆ ಆಗ್ತೈತೆ?"

ಹೊನ್ನಾಳಿಯಲ್ಲಿ "ಯಾರ ಪೈಕಿ?" ಎಂದರು. ಬೈದರೆ, "ಯಾವೂರು ಅಂತ ಕೇಳ್ಲಿಲ್ವಲ್ಲೋ!" ಎಂದು ನನ್ನನ್ನೇ ದಬಾಯಿಸಿದರು. ಇನ್ನು ಅವರ ಕಾಲಿಗೆ ಬೀಳುವುದೊಂದೇ ಬಾಕಿ. ಜಗಳೂರಿನಲ್ಲಿ ಬಾಯಿ ಬಿಡುವುದಿಲ್ಲವೆಂದು ಆಣೆ ಹಾಕಿಸಿಕೊಂಡೆ.

ಜಗಳೂರಿನ ಧೂಳು ಅಮೆರಿಕಕ್ಕೆ ಹೇಳಿ ಮಾಡಿಸಿದಂತಿತ್ತು. ಮೇಷ್ಟ್ರು ಮುಂದೆಯೇ ಕೂತಿದ್ದರು. ಬಾಗಿಲು ತಳ್ಳಿದೆ. ಮಾವ ತುಟಿ ಬಿಗಿದು ಒಂದೇ ಲೋಟವನ್ನು ಒರೆಸುತ್ತಲೇ ಇದ್ದರು. ಮಾವನ ಕಣ್ಣುಗಳು ಮೇಲಕ್ಕೆ ಸಿಕ್ಕಿಕೊಂಡವು, ಕತ್ತಿನ ನರ ಉಬ್ಬಿತು. ನೋಡುತ್ತಾ ನೋಡುತ್ತಾ ನನ್ನ ಗಂಟಲು ಕೆರೆಯತೊಡಗಿತು.

"ಯಾವೂರಾತು ನಿಮ್ದು?"

ದನಿ ಮಾವನದು. ಬಾಯಿ ನನ್ನದು.

"ದೇವ್ರಾಣೆಗೂ ನಾನಲ್ರಿ!" ಎಂದು ಮಾವ ಸಭೆಗೆ ಕೈಮುಗಿದರು. ನಂತರ ಕಟ್ಟೆಯೊಡೆದಂತೆ ನನ್ನ ಕಡೆ ತಿರುಗಿ, "ನಮ್ದು ಚನ್ನಗಿರಿ ರೀ. ಕುಂತ್ಕಳ್ರಿ, ಮೊದ್ಲು ನೀರು ಕುಡೀರಿ" ಎಂದರು. ಚಪ್ಪಾಳೆ ನಿಲ್ಲಲಿಲ್ಲ.

ನಾಟಕ ಮುಗಿದ ಮೇಲೆ ಮೇಷ್ಟ್ರು ನನ್ನನ್ನು ದಾಟಿ ಹೋಗಿ ಮಾವನ ಕೈಹಿಡಿದರು. "ಯಜಮಾನ್ರೇ, ಬಂದವನು ಯಾರಂತ ತಿಳ್ಕಳಾಕೆ ನಿಜವಾಗ್ಲೂ ಒದ್ದಾಡಿದ್ದು ನೀವೊಬ್ರೇ. ನಮ್ಮ ತಂಡಕ್ಕೆ ಬರ್ತೀರಾ?"

"ಬರಾನಂತೆ. ಖಾನಾವಳಿಗೆ ಇವ್ನು ಐದಾನಲ್ಲ. ಅಂದಂಗೆ ಮೇಷ್ಟ್ರೇ, ಯಾವೂರಾತು ನಿಮ್ದು?"

ಈಗ ಗಲ್ಲಾದ ಹಿಂದೆ ನಾನು. "ನಿಮ್ಮ ಮಾವನ ಹಂಗೆ ಒಂದ್ಸಲ ಮಾತಾಡಪ್ಪಾ" ಎಂದು ಗಿರಾಕಿಗಳು ಪ್ರಾಣ ತಿನ್ನುತ್ತಾರೆ. ನಾನು ತುಟಿ ಬಿಗಿದು ಸುಮ್ಮನೆ ನಿಲ್ಲುತ್ತೇನೆ. ಈಗ ಮಾತ್ರ ಅದು ಬಹಳ ಚೆನ್ನಾಗಿ ಬರುತ್ತದೆ.