ಧಾರೆಯ ಫೋಟೋದಲ್ಲಿ ಮಹದೇವಮ್ಮ

ಫೋಟೋದಲ್ಲಿ ದೆವ್ವ ಬಿದ್ದಿದೆ ಎಂದು ಯಾರಾದರೂ ತಿ. ನರಸೀಪುರದ ನನ್ನ ಸ್ಟುಡಿಯೋಗೆ ಬಂದರೆ ಗದರಿಸಿ ಕಳಿಸುತ್ತಿದ್ದವನು ನಾನು. ಲೆನ್ಸ್ ಒರೆಸಿಲ್ಲ, ಅಷ್ಟೇ, ಎನ್ನುತ್ತಿದ್ದೆ. ಈಗ ಹಾಗೆ ಗದರಿಸುವ ಬಾಯಿ ನನಗಿಲ್ಲ. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು.

ಕೆಲವು ವರ್ಷಗಳ ಹಿಂದೆ ನಂಜನಗೂಡಿನ ಒಂದು ಛತ್ರದಲ್ಲಿ ಮದುವೆ. ಹೆಣ್ಣಿಗೆ ತಂದೆ ಇಲ್ಲ. ತಾಯಿ ಮಹದೇವಮ್ಮ ಹುಲ್ಲಹಳ್ಳಿಯಲ್ಲಿ ಬಟ್ಟೆ ಹೊಲಿದು ಮಗಳನ್ನು ಸಾಕಿದಾಕೆ. ಆದರೆ ಧಾರೆ ಎರೆಯಲು ನಿಂತವರು ಹೆಣ್ಣಿನ ದೊಡ್ಡಪ್ಪ, ದೊಡ್ಡಮ್ಮ. ಗಂಡ ಸತ್ತವಳು ಎದುರಿಗೆ ಬರಬಾರದೆಂದು ದೊಡ್ಡಪ್ಪ ಹೆತ್ತ ತಾಯಿಯನ್ನೇ ಉಗ್ರಾಣಕ್ಕೆ ಅಟ್ಟಿದ್ದ. ಇಷ್ಟು ವರ್ಷ ಆ ಮಗುವಿಗೆ ಒಂದು ಲಂಗ ಕೊಡಿಸದ ಮಹಾನುಭಾವ! ನನಗೆ ಮೈಯೆಲ್ಲ ಉರಿಯಿತು. ಆದರೂ ಬಾಯಿ ಮುಚ್ಚಿಕೊಂಡಿದ್ದೆ. ಆ ಸಿಟ್ಟು ನನ್ನ ಮೇಲೂ ಇದೆ.

ಇಡೀ ಛತ್ರ ಒಂದೇ ಚಿತ್ರದಲ್ಲಿ ಬರಲೆಂದು ಫಿಶ್ ಐ ಲೆನ್ಸ್ ಹಾಕಿ, ಉಗ್ರಾಣದ ಬಾಗಿಲಲ್ಲಿ ಸ್ಟೂಲು ಹತ್ತಿದೆ. ಆ ಉಬ್ಬುಗಾಜು ಎಡಬಲದ ಗೋಡೆಗಳನ್ನೂ ಬಾಗಿಸಿ ಒಳಕ್ಕೆ ಎಳೆದುಕೊಳ್ಳುತ್ತದೆ. ಎಚ್ಚರ ತಪ್ಪಿದರೆ ನಮ್ಮ ಕಾಲ್ಬೆರಳೂ ಚಿತ್ರದಲ್ಲಿ ಬೀಳುತ್ತದೆ. ಬೆನ್ನ ಹಿಂದಿನದು ಮಾತ್ರ ಬೀಳುವುದಿಲ್ಲ. ಸ್ಟೂಲು ಅಲ್ಲಾಡಿತು.

"ನಾನಿಡ್ಕಂಡಿವ್ನಿ, ನೀ ತಗಿಯಪ್ಪ," ಎಂದರು ಹಿಂದಿನಿಂದ ಮಹದೇವಮ್ಮ.

ಧಾರೆ ಮುಗಿಯುವವರೆಗೂ ಅವರು ಸ್ಟೂಲು ಬಿಡಲಿಲ್ಲ. ಅವರು ಬಿಕ್ಕುವುದು ನನಗೆ ಕೇಳುತ್ತಲೇ ಇತ್ತು.

ಮರುದಿನ ಕಂಪ್ಯೂಟರಿನಲ್ಲಿ ನೋಡಿದರೆ, ಧಾರೆಯ ಒಂದು ಚಿತ್ರದಲ್ಲಿ ಹೆಣ್ಣಿನ ಪಕ್ಕದಲ್ಲೇ ಮಹದೇವಮ್ಮ! ಮಗಳ ಕೈ ಕೆಳಗೆ ತಮ್ಮ ಕೈ ಕೊಟ್ಟು ನಿಂತಿದ್ದಾರೆ. ಅದರ ಹಿಂದಿನ, ಮುಂದಿನ ಚಿತ್ರಗಳಲ್ಲಿ ಅವರಿಲ್ಲ. ಕ್ಯಾಮೆರಾದ ಕಾರ್ಡನ್ನು ಬೇರೆ ಕಂಪ್ಯೂಟರಿಗೆ ಹಾಕಿದೆ. ಅಲ್ಲೂ ಅದೇ. ಅದು ಹೇಗೆ ಬಂತೆಂದು ನನಗೆ ಇವತ್ತಿಗೂ ಗೊತ್ತಿಲ್ಲ.

ಆಲ್ಬಮ್ಮಿಗೆ ಚಿತ್ರ ಆರಿಸಲು ಬಂದ ದೊಡ್ಡಪ್ಪ ಅದನ್ನು ನೋಡಿ ಬೆವರಿದ. ಆಮೇಲೆ ಕೂಗಾಡಿದ.

"ಯಾವಾಗ್ಲಾ ಬಂದ್ಲು ಇವ್ಳು ಮುಂದ್ಕೆ? ನಾನ್ ಅಲ್ಲೇ ಇದ್ನಲ್ಲ! ಅಳ್ಸಾಕು ಮೊದ್ಲು!"

ಛತ್ರದಲ್ಲಿ ನುಂಗಿಕೊಂಡಿದ್ದೆಲ್ಲ ಆಗ ಹೊರಗೆ ಬಂತು. ಅಳಿಸಲ್ಲ, ಏನು ಮಾಡ್ಕೋತೀರೋ ಮಾಡ್ಕೊಳ್ಳಿ ಎಂದು ಬಾಗಿಲು ತೋರಿಸಿದೆ.

ಆ ಚಿತ್ರವನ್ನೇ ದೊಡ್ಡದಾಗಿ ಪ್ರಿಂಟ್ ಹಾಕಿಸಿ ಹುಲ್ಲಹಳ್ಳಿಗೆ ಒಯ್ದೆ. ಮಹದೇವಮ್ಮ ಹೊಲಿಗೆ ನಿಲ್ಲಿಸಿ, ಸೆರಗಿಗೆ ಕೈ ಒರೆಸಿಕೊಂಡು ಬಹಳ ಹೊತ್ತು ನೋಡಿದರು. ಗಾಬರಿಯಾಗಲಿಲ್ಲ. ನನಗೇ ತಡೆಯಲಾಗಲಿಲ್ಲ.

"ಅವತ್ತು ಧಾರೆ ಹೊತ್ತಲ್ಲಿ ನೀವು ಎಲ್ಲಿದ್ರಮ್ಮ?" ಎಂದೆ.

ಅವರು ನನ್ನನ್ನೇ ವಿಚಿತ್ರವಾಗಿ ನೋಡಿದರು.

"ಮಗಳ ಧಾರೇಲಿ ತಾಯಿ ಇನ್ನೆಲ್ಲಿರ್ತಾಳಪ್ಪ?"