ಮುತ್ತಿನ ಮೇಲಿನ ಆರು ಚುಕ್ಕೆ

ಕಳೆದ ವಾರ ಹಳೆಯ ಕನ್ನಡ ನಿಘಂಟನ್ನು ತೆಗೆದಾಗ ಒಳಗಿಂದ ಒಂದು ಚೀಟಿ ಬಿತ್ತು. ಪೆನ್ಸಿಲಿನಲ್ಲಿ ಬರೆದ ಒಂದು ಹೀಬ್ರೂ ಪದ, ಅದರ ಪ್ರತಿ ಅಕ್ಷರದ ನೆತ್ತಿಯ ಮೇಲೂ ಒಂದೊಂದು ಚುಕ್ಕೆ. ಕೆಳಗೆ ಕನ್ನಡ ಬಾರದ ಕೈ ತಿದ್ದಿದ ಸೊಟ್ಟ ಅಕ್ಷರಗಳಲ್ಲಿ ‘ಮುತ್ತು’. ಅಮೆರಿಕದ ಕ್ಲಾರ್ಕ್ಸ್‌ಬರ್ಗಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಯಹೂದಿ ಅಂಕಲ್ ಬರೆದದ್ದು...

ನಾನು ಹುಟ್ಟಾ ಅನುಮಾನದವಳು. ಯಾರಾದರೂ ನಕ್ಕರೆ ಯಾಕೆ ನಕ್ಕರು ಎಂದು ಯೋಚಿಸುವವಳು. ಅಂಕಲ್ ಮೇಲೆ ನನಗೆ ಅನುಮಾನ ಶುರುವಾದದ್ದು ಅವರ ಬಾಗಿಲಿನಿಂದ. ಚೌಕಟ್ಟಿಗೆ ಓರೆಯಾಗಿ ಬಡಿದಿದ್ದ ಬೆರಳುದ್ದದ ಡಬ್ಬಿಯೊಂದನ್ನು ಹೋಗುವಾಗ ಬರುವಾಗ ಮುಟ್ಟಿ, ಬೆರಳನ್ನು ತುಟಿಗೆ ತಾಗಿಸಿಕೊಳ್ಳುತ್ತಿದ್ದರು. ಕೊರೋನಾ ಕಾಲದಲ್ಲಿ ಯಾರಾದರೂ ಹೀಗೆ ಮಾಡುತ್ತಾರೆಯೇ? ಅದು ಕ್ಯಾಮೆರಾ ಇರುವ ಡೋರ್‌ಬೆಲ್ಲೇ ಎಂದು ತೀರ್ಮಾನಿಸಿ ಆ ಕಡೆಯ ಕಿಟಕಿಯ ಬ್ಲೈಂಡ್ಸ್ ಮುಚ್ಚಿಬಿಟ್ಟೆ.

ಒಮ್ಮೆ ಅವರ ಪಾರ್ಸೆಲ್ ನಮ್ಮ ಮನೆಗೆ ಬಂತು. ಕೊಡಲು ಹೋದವಳು ಆ ಡಬ್ಬಿಯನ್ನು ಒತ್ತಿದೆ, ಮತ್ತೆ ಒತ್ತಿದೆ. ಒಳಗೆ ಕೂತು ನನ್ನನ್ನು ನೋಡುತ್ತಲೇ ಬಾಗಿಲು ತೆಗೆಯುತ್ತಿಲ್ಲ ಎಂದು ಸಿಟ್ಟು ಬಂತು. ತಿರುಗಿದರೆ ಅಂಕಲ್ ವಾಕಿಂಗ್ ಮುಗಿಸಿ ಹಿಂದೆಯೇ ನಿಂತಿದ್ದರು.

“ಅದರೊಳಗೆ ದೇವರ ಮಾತು ಬರೆದ ಸುರುಳಿ ಇದೆ. ಸದ್ದು ಬರುವುದಿಲ್ಲ. ನಾನೂ ಎಪ್ಪತ್ತು ವರ್ಷದಿಂದ ಕಾಯುತ್ತಿದ್ದೇನೆ” ಎಂದರು.

ನಾಚಿಕೆಯಾಯಿತು. ಆದರೂ ಬ್ಲೈಂಡ್ಸ್ ತೆರೆಯಲಿಲ್ಲ.

ಅದಕ್ಕೂ ಮುಂಚೆ, ಬಸಿರಿನ ಮೂರನೇ ತಿಂಗಳಲ್ಲಿ, ನನ್ನ ಮಗು ಉಳಿದಿರಲಿಲ್ಲ. ಹೇಳಿಕೊಂಡದ್ದು ಷಾರ್ಲೆಟ್‌ನಲ್ಲಿದ್ದ ಅಕ್ಕನಿಗೆ ಮಾತ್ರ. ಮರುದಿನ ನೋಡಿದರೆ ಅವಳು ಅದನ್ನು ಮನೆಯವರ ವಾಟ್ಸ್ಯಾಪ್ ಗ್ರೂಪ್‌ನಲ್ಲಿ ಹಾಕಿ, ಎಲ್ಲರೂ ಪ್ರಾರ್ಥನೆ ಮಾಡಿ ಎಂದು ಬರೆದಿದ್ದಳು. ಮುಖ ನೆನಪಿರದ ನೆಂಟರೆಲ್ಲ ಕೈಮುಗಿದ ಚಿತ್ರ ಕಳಿಸಿದ್ದರು. ನನ್ನ ಹೊಟ್ಟೆಯೊಳಗಿನ ದುಃಖ ಬೀದಿಗೆ ಬಂದಿತ್ತು. ಆಮೇಲೆ ಎರಡು ವರ್ಷ ನಾನು ಅಕ್ಕನ ಜೊತೆ ಮಾತಾಡಲಿಲ್ಲ.

ಒಂದು ಸಂಜೆ ನನ್ನ ಗಂಡ, “ನಿಮ್ಮಕ್ಕ ಕಾಲ್ ಮಾಡಿದ್ರು. ಸ್ಯಾಟರ್ಡೇ ಡ್ರೈವ್ ಮಾಡ್ಕೊಂಡು ಬರ್ತಾರಂತೆ. ಒಬ್ರೇ” ಎಂದರು. ಒಬ್ಬಳೇ ಯಾಕೆ? ಏನೋ ಇದೆ ಎನ್ನಿಸಿತು. ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತೆ. ಪಕ್ಕದಲ್ಲಿ ಎಲೆ ಗುಡಿಸುತ್ತಿದ್ದ ಅಂಕಲ್ ಏನಾಯಿತೆಂದು ಕೇಳಿದರು. ಯಾಕೋ, ಎಲ್ಲವನ್ನೂ ಹೇಳಿಬಿಟ್ಟೆ.

ಅವರು ತಮ್ಮ ಧರ್ಮಗ್ರಂಥ ತೋರಾದಲ್ಲಿ ಬರುವ ಅಣ್ಣತಮ್ಮಂದಿರ ಕಥೆ ಹೇಳಿದರು. ಅಣ್ಣನಿಗೆ ಸಲ್ಲಬೇಕಾದ ತಂದೆಯ ಆಶೀರ್ವಾದವನ್ನು ತಮ್ಮ ಮೋಸದಿಂದ ಪಡೆದು ಓಡಿಹೋಗಿದ್ದ. ಎಷ್ಟೋ ವರ್ಷದ ಮೇಲೆ ಅಣ್ಣ ನಾನೂರು ಜನರ ಜೊತೆ ಎದುರಾದ. ಓಡಿ ಬಂದು ತಬ್ಬಿ ಮುತ್ತಿಟ್ಟ. ಇಬ್ಬರೂ ಅತ್ತರು. ಆದರೆ ತೋರಾದ ಸುರುಳಿಯಲ್ಲಿ ಆ ‘ಮುತ್ತಿಟ್ಟ’ ಎಂಬ ಪದದ ಮೇಲೆ ಆರು ಚುಕ್ಕೆಗಳಿವೆಯಂತೆ. ಯಾಕೆ ಎಂದು ಅವರ ಧರ್ಮಗುರುಗಳಾದ ರಬ್ಬಿಗಳು ತಲೆ ಕೆಡಿಸಿಕೊಂಡರು. ಆ ಗಳಿಗೆಯಲ್ಲಿ ಮನಸ್ಸು ಕರಗಿ ನಿಜವಾಗಿಯೇ ಮುತ್ತಿಟ್ಟ ಎಂದರು ಕೆಲವರು. ಇಲ್ಲ, ಬಂದದ್ದು ಕಚ್ಚುವುದಕ್ಕೆ, ಹೀಬ್ರೂವಿನಲ್ಲಿ ಎರಡಕ್ಕೂ ಒಂದೇ ಅಕ್ಷರದ ವ್ಯತ್ಯಾಸ ಎಂದರು ಇನ್ನು ಕೆಲವರು. ಕಚ್ಚುವಾಗ ತಮ್ಮನ ಕುತ್ತಿಗೆ ಅಮೃತಶಿಲೆಯಾಯಿತಂತೆ. ಅದಕ್ಕೇ ಒಬ್ಬ ಕುತ್ತಿಗೆಗಾಗಿ ಅತ್ತ, ಇನ್ನೊಬ್ಬ ಹಲ್ಲಿಗಾಗಿ.

ನನಗೆ ಈ ಕಥೆ ಹೇಳಿ ಎಂದು ನನ್ನ ಗಂಡನೇ ಅವರಿಗೆ ಹೇಳಿಕೊಟ್ಟಿರಬೇಕು ಅನ್ನಿಸಿತು. “ಯಾವುದು ಸರಿ?” ಎಂದು ಕೇಳಿದೆ.

“ಎರಡನ್ನೂ ಬರೆದಿಟ್ಟಿದ್ದಾರೆ. ಚುಕ್ಕೆಗಳನ್ನು ಯಾರೂ ಅಳಿಸಿಲ್ಲ.”

ನಾನೂ ಬಿಡಲಿಲ್ಲ. ನಮ್ಮ ಭಾಷೆಯಲ್ಲಿ ಅಕ್ಷರ ಬದಲಾಗುವುದೇ ಬೇಡ, ಕೊಡುವುದೂ ಮುತ್ತು, ಶತ್ರುಗಳು ಬಂದು ಕೋಟೆಯನ್ನು ಮುತ್ತುವುದೂ ಅದೇ ಎಂದೆ. ಅವರಿಗೆ ಎಲ್ಲಿಲ್ಲದ ಖುಷಿ. ಜೇಬಿನಿಂದ ಚೀಟಿ ತೆಗೆದು ತಮ್ಮ ಪದ ಬರೆದು, ನಾನು ಬೆರಳಿನಿಂದ ಬರೆದು ತೋರಿಸಿದಂತೆ ನನ್ನದನ್ನು ಕೆಳಗೆ ತಿದ್ದಿದರು. ಚೀಟಿಯನ್ನು ನನ್ನ ಕೈಗಿಟ್ಟು ಮತ್ತೆ ಪೊರಕೆ ಎತ್ತಿಕೊಂಡರು.

“ನನ್ನ ತಮ್ಮ ಒಮ್ಮೆ ಅಟ್ಲಾಂಟಾದಿಂದ ಬಂದು ನನ್ನನ್ನು ತಬ್ಬಿಕೊಂಡ. ನಾನು ಅದನ್ನು ‘ಕಚ್ಚಿದ’ ಎಂದೇ ಓದಿಕೊಂಡೆ. ಅವನು ಮತ್ತೆ ಬರಲಿಲ್ಲ...”

ಶನಿವಾರ ಅಕ್ಕ ಬಂದಳು. ಕಾರಿನಿಂದ ಇಳಿದವಳೇ ಅಪ್ಪಿಕೊಂಡು, “ತಪ್ಪಾಯ್ತು ಕಣೇ ಪುಟ್ಟಿ. ಅದನ್ನ ಗ್ರೂಪ್‌ಗೆ ಹಾಕ್ಬಾರ್ದಿತ್ತು ನಾನು” ಎಂದಳು. ನಾನು ಕೊರಡಿನಂತೆ ನಿಂತಿದ್ದೆ. ನನ್ನ ಕಣ್ಣು ಅವಳ ಕೈಯಲ್ಲಿದ್ದ ಫೋನಿನ ಮೇಲಿತ್ತು. ಈ ಅಪ್ಪುಗೆಯ ಫೋಟೋ ಕೂಡ ಗ್ರೂಪ್‌ಗೆ ಹೋಗುತ್ತದೆ ಎಂದುಕೊಂಡೆ. ಹೋಗಲಿಲ್ಲ. ಭಾನುವಾರ ಅವಳು ಹೊರಟುಹೋದಳು.

ಮರುದಿನ ಅಂಕಲ್ ಹೇಗಿತ್ತೆಂದು ಕೇಳಿದರು. ಚೆನ್ನಾಗಿತ್ತು ಎಂದಷ್ಟೇ ಹೇಳಿ ಬಾಗಿಲು ಹಾಕಿಕೊಂಡೆ. ಅವರ ತಮ್ಮನ ಬಗ್ಗೆ ನಾನು ಒಂದು ಮಾತೂ ಕೇಳಲಿಲ್ಲ. ಅದು ನನ್ನನ್ನು ಮೆತ್ತಗೆ ಮಾಡಲು ಕಟ್ಟಿದ ಕಥೆ ಎಂದುಕೊಂಡಿದ್ದೆ. ಎಂಥ ಕೆಟ್ಟ ಬುದ್ಧಿ ನನ್ನದು. ಮುಂದಿನ ಬೇಸಿಗೆಯಲ್ಲಿ ಅವರ ಮಗಳು ಬಂದು ಅವರನ್ನು ಅಲ್ಫರೆಟಾದ ತನ್ನ ಮನೆಗೆ ಕರೆದುಕೊಂಡು ಹೋದಳು. ಕೆಲವು ತಿಂಗಳಲ್ಲೇ ತೀರಿಕೊಂಡರೆಂದು ಸುದ್ದಿ ಬಂತು.

ಚೀಟಿ ಸಿಕ್ಕ ದಿನ ಅಕ್ಕನಿಗೆ ನಾನಾಗಿಯೇ ಫೋನ್ ಮಾಡಿದೆ. ಇಷ್ಟು ದಿನ ಯಾವಾಗಲೂ ಅವಳೇ ಮಾಡುತ್ತಿದ್ದಳು, ನಾನು ಹೂಂ ಎನ್ನುತ್ತಿದ್ದೆ.

“ಏನಾಯ್ತೇ? ಎಲ್ಲಾ ಓಕೆ ತಾನೆ?”

“ಏನಿಲ್ಲ ಅಕ್ಕ. ಸುಮ್ನೆ ಮಾಡ್ದೆ.”

“ನೀನ್ ಸುಮ್ನೆ ಮಾಡೋಳಲ್ಲ. ನಿಜ ಹೇಳು” ಎಂದಳು.

ಅಂಕಲ್ ಇದ್ದಿದ್ದರೆ ಈಗ ಏನು ಹೇಳಬೇಕೆಂದು ಹೋಗಿ ಕೇಳುತ್ತಿದ್ದೆ. ಅವರಿಲ್ಲ. “ನಿಜವಾಗ್ಲೂ ಸುಮ್ನೆ” ಎಂದೆ. ಅವಳು ನಂಬಲಿಲ್ಲ. ಫೋನನ್ನೂ ಇಡಲಿಲ್ಲ.