ಒಂದೇ ಅಳತೆಯನ್ನು ನಂಬದ ಡಾಕ್ಟರು

ನಡುಬೇಸಿಗೆಯಲ್ಲೂ ನಿಂಗೇಗೌಡ ಡಾಕ್ಟರು ಪರೀಕ್ಷೆಯ ಕೋಣೆಯ ಫ್ಯಾನನ್ನು ತಾವೇ ಎದ್ದು ಆರಿಸುತ್ತಿದ್ದರು. ಯಾರಾದರೂ ಸೆರಗಿನಿಂದ ಗಾಳಿ ಬೀಸಿಕೊಂಡರೆ ಅದಕ್ಕೂ ತಡೆ. "ಗಾಳಿ ಬಡುದ್ರೆ ಕಣ್ಣು ಸುಳ್ಳು ಏಳ್ತದೆ ಕಣವ್ವ, ವಸಿ ತಡ್ಕೊ" ಎನ್ನುವರು. ಶೀಳನೆರೆ ಕಡೆಯ ಬೇಸಾಯದ ಮನೆಯವರು. ಎಷ್ಟು ಓದಿದರೂ ಮಾತು ಊರಿನದೇ ಉಳಿದಿತ್ತು.

ಆಪ್ಟೊಮೆಟ್ರಿ ಪದವಿ ಮುಗಿಸಿ ನಾನು ಪಾಂಡವಪುರದ ಅವರ ಚಿಕ್ಕ ಕಣ್ಣಾಸ್ಪತ್ರೆಗೆ ಸೇರಿದಾಗ ಅವರು ನನಗೆ ಮೊದಲು ಕಲಿಸಿದ್ದು ಕಣ್ಣೀರಿನ ಪರೀಕ್ಷೆ. ಕೆಳರೆಪ್ಪೆಯ ಅಂಚಿಗೆ ಸಣ್ಣ ಕಾಗದದ ಪಟ್ಟಿ ಸಿಕ್ಕಿಸಿ, ಐದು ನಿಮಿಷದಲ್ಲಿ ಅದು ಎಷ್ಟು ಉದ್ದ ನೆನೆಯಿತೆಂದು ನೋಡುವುದು. ಸುಲಭವೆಂದುಕೊಂಡಿದ್ದೆ. ಪಟ್ಟಿಯ ತುದಿಗೆ ಬೆರಳು ತಾಕಬಾರದು, ಮುಖಕ್ಕೆ ಬೆಳಕು ಬೀಳಬಾರದು, ಕಣ್ಣು ಮುಚ್ಚಿರಬೇಕು, ಬಿಸಿಲಿನಿಂದ ಬಂದವರು ಮೊದಲು ತಣ್ಣಗೆ ಕೂತಿರಬೇಕು. ಮತ್ತೆ ಬಂದಾಗಲೂ ಅದೇ ಕೋಣೆ, ಅದೇ ಹೊತ್ತು. ಹೊರಗೆ ಕಾಯುವವರು ಗೊಣಗುತ್ತಿದ್ದರೂ ಡಾಕ್ಟರು ಆತುರಪಟ್ಟಿದ್ದನ್ನು ನಾನು ಕಾಣೆ.

ಒಮ್ಮೆ ಆಲೆಮನೆಯಲ್ಲಿ ಒಲೆಗೆ ಉರಿ ಹಾಕುವ ಜಯಮ್ಮ ಗಂಡನೊಂದಿಗೆ ಬಂದಳು. ಕಣ್ಣಲ್ಲಿ ಸದಾ ಮರಳು ಚುಚ್ಚಿದಂತಾಗುತ್ತದೆ ಎಂಬುದು ಅವಳ ದೂರು. ಕೆಲಸ ತಪ್ಪಿಸುವ ನೆಪ ಎಂಬುದು ಮನೆಯವರ ತೀರ್ಮಾನ. ಕಣ್ಣೀರು ಒಣಗಿರಬಹುದು, ಪಟ್ಟಿ ಇಟ್ಟು ನೋಡೋಣ ಎಂದರು ಡಾಕ್ಟರು.

"ಕಣ್ಣೀರು ಒಣಗೋಗ್ಯದಂತೆ ಸಾ. ಮನೇಲಿ ದಿನಾ ಒಂದ್ ಬಿಂದ್ಗೆ ಸುರುಸ್ತಾಳೆ," ಗಂಡ ನಮ್ಮೆದುರೇ ಹಂಗಿಸಿದ.

ಪಟ್ಟಿ ಇಟ್ಟ ಸ್ವಲ್ಪ ಹೊತ್ತಿಗೇ ಪೂರ್ತಿ ನೆನೆದುಹೋಯಿತು. ಅವನು ಗೆದ್ದವನಂತೆ ನಕ್ಕ. ಜಯಮ್ಮ ತಲೆ ತಗ್ಗಿಸಿದಳು. ಅದನ್ನು ಬರೆದುಕೊಳ್ಳಬೇಡವೆಂದು ನನಗೆ ಹೇಳಿ ಡಾಕ್ಟರು ಅವನ ಕಡೆ ತಿರುಗಿದರು.

"ಇದು ಅವಳ ಕಣ್ಣಿನ ಅಳತೆ ಅಲ್ಲ ಕಣ್ಲಾ, ನಿನ್ ಬೈಗುಳದ ಅಳತೆ. ಅಳೋ ನೀರೇ ಬ್ಯಾರೆ, ಕಣ್ಣು ಕಾಯೋ ನೀರೇ ಬ್ಯಾರೆ."

ಇನ್ನೊಂದು ದಿನ ಬೆಳಗ್ಗೆ, ಉರಿಯ ಮುಂದೆ ಕೂರುವ ಮೊದಲೇ ಅವಳನ್ನು ಬರಹೇಳಿದರು. ಆ ದಿನ ಗಂಡನನ್ನು ಟೀ ಕುಡಿದು ಬಾ ಎಂದು ಹೊರಗೆ ಕಳಿಸಿ, ಜಯಮ್ಮನ ಉಸಿರು ತಹಬಂದಿಗೆ ಬರುವವರೆಗೂ ಕಾದರು. ಎರಡು ಕಣ್ಣಿನ ಪಟ್ಟಿಗಳೂ ತುದಿಯಲ್ಲಷ್ಟೇ ಒದ್ದೆಯಾದವು. ಅದನ್ನೂ ಒಂದೇ ಸಲಕ್ಕೆ ನಂಬದೆ ಮತ್ತೊಮ್ಮೆ ಕರೆಸಿದರು. ಆಗಲೂ ಅಷ್ಟೇ. ಗಂಡನನ್ನು ಒಳಗೆ ಕರೆದು ಆ ಪಟ್ಟಿಗಳನ್ನು ತೋರಿಸಿದರು. ಅವನು ಅವನ್ನು ತಿರುಗಿಸಿ ತಿರುಗಿಸಿ ನೋಡಿದ.

"ಮತ್ತೆ ಅವತ್ತು ಅಷ್ಟೊಂದ್ ನೀರು ಎಲ್ಲಿಂದ ಬಂತು ಸಾ?"

"ಅದ್ನ ಈ ಕಾಗದ ಏಳಕ್ಕಿಲ್ಲ. ಅವಳ್ನೇ ಕೇಳು."

ಅವನು ಕೇಳಲಿಲ್ಲ. ಹನಿ ಔಷಧಿ ಹಾಕುವ ಬಗೆಯನ್ನು ಮಾತ್ರ ನನ್ನಿಂದ ಎರಡು ಸಲ ಹೇಳಿಸಿಕೊಂಡ.

ನನ್ನ ಬಗ್ಗೆ ನಾನು ಹೆಚ್ಚು ಮಾತಾಡುವವಳಲ್ಲ. ಆದರೆ ನಿಂಗೇಗೌಡರ ಕೈಕೆಳಗೆ ಕಲಿತವಳು ಎನ್ನುವಾಗ ನನ್ನ ದನಿ ತಾನಾಗಿಯೇ ಸ್ವಲ್ಪ ಏರುತ್ತದೆ.

ಡಾಕ್ಟರು ಕಳೆದ ವರ್ಷ ತೀರಿಕೊಂಡರು. ಆಮೇಲೊಂದು ದಿನ ಜಯಮ್ಮ ಮರುಪರೀಕ್ಷೆಗೆ ಬಂದಳು. ಅವಳಿಗೆ ಸುದ್ದಿ ತಿಳಿದಿರಲಿಲ್ಲ. ನಾನೇ ಹೇಳಬೇಕಾಯಿತು. ಅವಳು ಗೋಡೆಗೆ ಒರಗಿ ನಿಂತಳು.

"ನಾ ನಿಜ ಏಳ್ತಾವ್ನಿ ಅಂತ ಮದ್ಲು ನಂಬ್ದೋರು ಅವ್ರೇ ಕಣವ್ವ."

ಅವಳ ಕಣ್ಣು ತುಂಬಿ ಬಂತು. ಪಟ್ಟಿಯ ಪೊಟ್ಟಣವನ್ನು ಒಡೆಯದೆ ಹಾಗೇ ಒಳಗಿಟ್ಟು, ಇನ್ನೊಂದು ದಿನ ಬರಹೇಳಿದೆ.